ನಾನು ನಂಬದೆ ಇಟ್ಟ ಫೋನು

ನನ್ನ ಬಾಯಿ ಸರಿಯಿಲ್ಲ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಡೊಂಬಿವಲಿಯಲ್ಲಿ ಅಪ್ಪ ಬಿಟ್ಟುಹೋದ ಸಣ್ಣ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವನ ಬಾಯಿ ಬೇರೆ ಹೇಗಿರಲು ಸಾಧ್ಯ? ಒಳಗೆ ಇಡ್ಲಿ ತಡವಾದರೆ ಕೂಗಬೇಕು, ಹೊರಗೆ ಹಾಲಿನವನು ತಡವಾದರೆ ಕೂಗಬೇಕು. ಕೂಗಿ ಕೂಗಿ ಅದೇ ನನ್ನ ಮಾತಿನ ರೀತಿಯಾಯಿತು. ವಾರಕ್ಕೊಮ್ಮೆ ಗಿಟಾರ್ ಹಿಡಿದು ಮೈಕಿನ ಮುಂದೆ ನಿಂತಾಗಲೂ ನೀವು ಹಾಡುವುದಕ್ಕಿಂತ ಜಗಳವಾಡುವುದೇ ಹೆಚ್ಚು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ಬಾಯಿಯಿಂದ ನಾನು ಆಡಿದ ಒಂದು ಮಾತಿನ ಬಗ್ಗೆ ಬರೆಯಬೇಕಾಗಿದೆ. ಇಪ್ಪತ್ತಾರು ವರ್ಷ ನನ್ನ ಹಿಂದೆ ಕೂತು ಡ್ರಮ್ ಬಾರಿಸಿದವನು ಸತ್ತ ದಿನ, ಆ ಸುದ್ದಿ ಹೇಳಲು ಫೋನ್ ಮಾಡಿದ ಅವನ ಮಗಳಿಗೆ ನಾನು ಹೇಳಿದ ಮಾತು ಅದು.

ಅವನು ಹೋಗಿ ಏಳು ತಿಂಗಳಾಯಿತು. ಈಗಲೂ ಬೆಳಗ್ಗೆ ಹೋಟೆಲಿನ ಶಟರ್ ಎತ್ತುವಾಗ ಆ ಮಾತು ನೆನಪಾಗುತ್ತದೆ. ಹಾಗಂತ ಅವನನ್ನು ಹೊಗಳಿ ನನ್ನ ತಪ್ಪು ತೊಳೆದುಕೊಳ್ಳುವ ಯೋಚನೆ ನನಗಿಲ್ಲ. ಅವನು ಹೊಗಳಿಸಿಕೊಳ್ಳುವ ಜಾತಿಯ ಮನುಷ್ಯನೂ ಅಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಾವು ಮೊದಲು ಸಿಕ್ಕಿದ್ದು ಮುಂಬಯಿ ಪಕ್ಕದ ಠಾಣೆಯ ಒಂದು ಗಣಪತಿ ಪೆಂಡಾಲಿನಲ್ಲಿ, ಸಿನಿಮಾ ಹಾಡು ನುಡಿಸುವ ಬಾಡಿಗೆ ಆರ್ಕೆಸ್ಟ್ರಾದವರಾಗಿ. ಅವನು ಆಗ ಪಕ್ಕದ ಕಳವಾ ಸ್ಟೇಷನ್ನಿನ ಹತ್ತಿರ ಒಂದೇ ಕೋಣೆಯ ಖೋಲಿಯಲ್ಲಿ ಅಣ್ಣನ ಸಂಸಾರದ ಜೊತೆ ಇದ್ದ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುತ್ತಿದ್ದ. ಊರು ಕಾರ್ಕಳದ ಕಡೆ. ನನ್ನದು ಉಡುಪಿಯ ಹತ್ತಿರ. ಮೊದಲ ದಿನವೇ ಅರ್ಧ ತುಳು ಅರ್ಧ ಕನ್ನಡದಲ್ಲಿ ಮಾತು ಶುರುವಾಯಿತು. ಬೈಗುಳ ಮಾತ್ರ ಮುಂಬಯಿ ಹಿಂದಿಯಲ್ಲಿ. ಅದರಲ್ಲಿ ಬೈದಷ್ಟು ಸುಖ ಬೇರೆ ಯಾವ ಭಾಷೆಯಲ್ಲೂ ಇಲ್ಲ ಎನ್ನುವುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಬ್ಲೂಸ್ ಎನ್ನುವ ಅಮೆರಿಕದ ಆ ನೋವಿನ ಹಾಡುಗಳನ್ನು ನಮಗೆ ಯಾರೂ ಕಲಿಸಲಿಲ್ಲ. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪ ಒಂದು ಸಲ ರಜೆಗೆ ಬಂದಾಗ ಚಾಕಲೇಟು, ಸೋಪಿನ ಜೊತೆ ಒಂದು ಡಬ್ಬಿ ತುಂಬ ಕ್ಯಾಸೆಟ್ ತಂದಿದ್ದರು. ಹಾಡುಗಳಲ್ಲಿ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಆದರೆ ಹಾಡುವವನಿಗೆ ಏನೋ ಆಗಬಾರದ್ದು ಆಗಿದೆ, ಅವನು ಅದನ್ನು ಮೂರೇ ಮೂರು ಸ್ವರದಲ್ಲಿ ಸುತ್ತಿ ಸುತ್ತಿ ಹೇಳುತ್ತಿದ್ದಾನೆ ಎನ್ನುವುದು ತಿಳಿಯುತ್ತಿತ್ತು. ಹೋಟೆಲಿನ ಹಿಂದೆ, ಅಕ್ಕಿ ಚೀಲಗಳ ಕೋಣೆಯಲ್ಲಿ ನನ್ನ ಜೊತೆ ಕೂತು ಈ ಡ್ರಮ್ಮಿನವನೂ ಅದನ್ನು ಕೇಳಿದ. ಒಂದು ಇಡೀ ಬದಿ ಮುಗಿಯುವ ತನಕ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದ. ಮುಗಿದ ಮೇಲೆ, ನಮ್ಮ ಮೆಷಿನ್ ಬೆಳಗಿನ ಹೊತ್ತು ಹೀಗೇ ಹೊಡೆಯುತ್ತದೆ, ಎಣ್ಣೆ ಬಿಸಿಯಾಗುವ ಮುಂಚೆ, ಎಂದ. ಇನ್ನೊಂದು ತಿಂಗಳಲ್ಲಿ ಠಾಣೆಯ ಒಬ್ಬ ಮರಾಠಿ ಗೆಳೆಯನನ್ನು ಬಾಸ್ ಗಿಟಾರಿಗೆ ಹಿಡಿದುಕೊಂಡು ಬಂದೆವು. ಅವನು ಬ್ಯಾಂಕಿನಲ್ಲಿ ಗುಮಾಸ್ತ, ಹಳೆಯ ವ್ಯಾನೊಂದರ ಮಾಲೀಕ. ಮೂರು ಜನ. ಕೊನೆಯ ತನಕ ಮೂರೇ ಜನ.

ಡ್ರಮ್ಮಿನವನ ಬಾರಿಸುವಿಕೆಯ ಬಗ್ಗೆ ಹೇಳಬೇಕಾದದ್ದು ಒಂದೇ. ಅವನು ತಡವಾಗಿ ಬಾರಿಸುತ್ತಿದ್ದ. ತಾಳ ತಪ್ಪಿ ಅಲ್ಲ. ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿಗೆ ನಾನು ಬಂದು ನಿಂತು, ಇನ್ನೂ ಬೀಳಲಿಲ್ಲ ಎಂದು ಗಾಬರಿಯಾಗುವಷ್ಟರಲ್ಲಿ ಬೀಳುತ್ತಿತ್ತು. ಬೇಕೆಂದೇ ಕೂದಲೆಳೆಯಷ್ಟು ಹಿಂದೆ. ಮೊದಮೊದಲು ನಾನು ತಿರುಗಿ ಕಣ್ಣು ಕೆಂಪು ಮಾಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಆ ಒಂದು ಕೂದಲೆಳೆ ಜಾಗದಲ್ಲೇ ಈ ಸಂಗೀತ ಇರುವುದು. ಚುರುಕಾಗಿ, ಲೆಕ್ಕಕ್ಕೆ ಸರಿಯಾಗಿ ಬಾರಿಸುವ ಡ್ರಮ್ಮರ್‌ಗಳು ಈ ಊರಲ್ಲಿ ಗಲ್ಲಿಗೊಬ್ಬರಿದ್ದಾರೆ. ಅವರ ಜೊತೆ ನುಡಿಸಿದರೆ ನನಗೆ ಯಾರೋ ಬೆನ್ನಿಗೆ ತಳ್ಳಿದ ಹಾಗಾಗುತ್ತದೆ.

ಸಂಗೀತದಲ್ಲಿ ಸರಿ. ಆದರೆ ಆ ಪುಣ್ಯಾತ್ಮ ಬದುಕಿನಲ್ಲೂ ತಡ. ಮದುವೆಯಾದ ಮೇಲೆ ಟಿಟ್ವಾಳಾದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಫ್ಲ್ಯಾಟ್ ತೆಗೆದುಕೊಂಡ. ಅಲ್ಲಿಂದ ಎಲ್ಲಿಗೆ ಬರಬೇಕಾದರೂ ಒಂದು ಯುಗ. ಕಲ್ಯಾಣದಲ್ಲಿ ಗಾಡಿ ನಿಂತಿತು, ಠಾಕುರ್ಲಿಯಲ್ಲಿ ಸಿಗ್ನಲ್ ಸಿಗಲಿಲ್ಲ, ಕಳವಾದಲ್ಲಿ ಇಳಿಯಲು ಆಗಲಿಲ್ಲ. ಇವೆಲ್ಲ ನಿಜವಾದ ಕಾರಣಗಳು. ಅವನಿಗೆ ನಿಜವಾದ ಕಾರಣ ಹೇಳಲು ನಾಚಿಕೆ. ಎಲ್ಲರೂ ಅದನ್ನೇ ಹೇಳುತ್ತಾರಲ್ಲ ಮಾರಾಯ, ಕೇಳುವವನಿಗೂ ಬೇಜಾರು, ಎನ್ನುತ್ತಿದ್ದ. ಹಾಗಾಗಿ ಸುಳ್ಳು ಹುಟ್ಟಿಸುತ್ತಿದ್ದ. ಸುಳ್ಳು ಅಂದರೆ ಅಂತಿಂಥ ಸುಳ್ಳಲ್ಲ. ಊರಿನ ಒಬ್ಬ ಅಜ್ಜಿಯನ್ನು ಮೂರು ಸಲ ಸಾಯಿಸಿದ. ಫ್ಯಾಕ್ಟರಿಯ ಸೂಪರ್‌ವೈಸರ್ ಕೈಯಲ್ಲಿ ಫೋನ್ ಕೊಟ್ಟು, ರೈಲ್ವೆ ಪೊಲೀಸ್ ಮಾತಾಡುತ್ತಿದ್ದೇವೆ, ನಿಮ್ಮವನನ್ನು ಹಳಿ ದಾಟುವಾಗ ಹಿಡಿದಿದ್ದೇವೆ ಎಂದು ಹೇಳಿಸಿದ. ನಾನು ಬ್ಯಾಂಕಿನ ಗೆಳೆಯನೆದುರು ಆ ಪೊಲೀಸನ ಹತ್ತಿರ ಸರ್ ಸರ್ ಎಂದು ಬೇಡಿಕೊಂಡೆ.

ಕ್ರಮೇಣ ಇದಕ್ಕೊಂದು ಕಾನೂನೇ ಆಯಿತು. ಸುಳ್ಳು ಫೋನು ಬರುವುದು ಯಾವಾಗಲೂ ಅವನ ನಂಬರಿನಿಂದಲೇ, ಮಾತಾಡುವವರು ಬೇರೆ. ನಾನು ನಂಬಿದರೆ ಅವನ ದೊಡ್ಡ ಡ್ರಮ್ಮನ್ನು ವ್ಯಾನಿನಿಂದ ಸ್ಟೇಜಿನ ತನಕ ನಾನು ಹೊರಬೇಕು. ನಂಬದಿದ್ದರೆ ನನ್ನ ಆಂಪ್ಲಿಫೈಯರ್ ಅವನು ಹೊರಬೇಕು. ನನಗೆ ಬೆನ್ನುನೋವು ಬಂದದ್ದು ಹೀಗೆ ಎಂದು ಡಾಕ್ಟರಿಗೆ ಹೇಳಲು ಸಾಧ್ಯವೇ? ಬ್ಯಾಂಕಿನ ಗೆಳೆಯ ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ಎಲ್ಲರೆದುರು ಅವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅವನು ಸ್ಟಿಕ್ಕುಗಳನ್ನು ಬೆರಳಲ್ಲಿ ತಿರುಗಿಸುತ್ತಾ, ಆಯಿತಾ, ಶುರು ಮಾಡುವನಾ, ಎನ್ನುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಎಂಟು ವರ್ಷದವಳಿದ್ದಾಗ ಅವಳನ್ನೂ ಈ ಕೆಲಸಕ್ಕೆ ಹಚ್ಚಿದ. ಮೊದಲ ಸಲ ಫೋನಿನಲ್ಲಿ, ಮಾಮ, ಅಪ್ಪನ ಪ್ಯಾಂಟು ಹರಿದಿದೆ, ಅಮ್ಮ ಹೊಲಿಯುತ್ತಿದ್ದಾರೆ, ಎಂದು ಹೇಳಿ ಕಿಸಕ್ಕನೆ ನಕ್ಕುಬಿಟ್ಟಳು. ಪಕ್ಕದಲ್ಲಿ ಅವನು ಶ್ ಶ್ ಅನ್ನುವುದೂ ಕೇಳಿಸಿತು. ಅವಳು ಇಲ್ಲೇ ಹುಟ್ಟಿದವಳು. ಕನ್ನಡ, ತುಳು ಎಲ್ಲ ತಿಳಿಯುತ್ತದೆ, ಉತ್ತರ ಕೊಡುವುದು ಮಾತ್ರ ಹಿಂದಿಯಲ್ಲಿ. ಆದರೆ ಈ ಸುಳ್ಳು ಫೋನುಗಳನ್ನು ಅಪ್ಪ ಕನ್ನಡದಲ್ಲಿ ಹೇಳಿಕೊಡುತ್ತಿದ್ದ, ಅವಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ನನ್ನ ಹತ್ತಿರ ಅವಳು ಕನ್ನಡದಲ್ಲಿ ಮಾತಾಡಿದ್ದೆಂದರೆ ಸುಳ್ಳು ಹೇಳುವಾಗ ಮಾತ್ರ. ದೊಡ್ಡವಳಾಗುತ್ತ ಅಪ್ಪನನ್ನೂ ಮೀರಿಸಿದಳು. ನಗು ಬಂದರೆ ಗಂಟಲಲ್ಲೇ ಒತ್ತಿ ಹಿಡಿಯಲು ಕಲಿತಳು. ಆ ಒತ್ತಿ ಹಿಡಿದ ನಗುವಿನ ಸದ್ದು ನನಗೆ ಚೆನ್ನಾಗಿ ಪರಿಚಯ ಎಂದು ನಾನು ತಿಳಿದುಕೊಂಡಿದ್ದೆ.

ಅವಳು ಕಾಲೇಜಿನಲ್ಲಿದ್ದಾಗ ಒಂದು ಸಲ ಅಪ್ಪನಿಗೆ ಅಪೆಂಡಿಕ್ಸ್, ಕಲ್ಯಾಣದ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅತ್ತಳು. ಅಳು ಅಂದರೆ ಅಳು. ನಾನು ಗಲ್ಲಾ ಬಿಟ್ಟು, ಕಾಲಿಗೆ ಸಿಕ್ಕಿದ ಚಪ್ಪಲಿ ಹಾಕಿಕೊಂಡು ಲೋಕಲ್ ಹಿಡಿದು ಓಡಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಅವನ ಹೆಸರು ಹೇಳಿದರೆ ಅಂಥವರು ಯಾರೂ ಇಲ್ಲ ಎಂದರು. ಅವರ ಮೇಲೂ ಕೂಗಾಡಿದೆ. ಹೊರಗೆ ಬಂದರೆ ಅವನು ಗೇಟಿನ ಹತ್ತಿರ ನಿಂತು ವಡಾಪಾವ್ ತಿನ್ನುತ್ತಿದ್ದಾನೆ. ಪಕ್ಕದಲ್ಲಿ ಮಗಳು. ನನ್ನ ಮುಖ ನೋಡಿ ಅವಳ ನಗು ನಿಂತುಹೋಯಿತು. ನಾನು ಏನೂ ಬೈಯಲಿಲ್ಲ. ತಿರುಗಿ ಸ್ಟೇಷನ್ನಿಗೆ ನಡೆದೆ, ಒಂದು ತಿಂಗಳು ಮಾತು ಬಿಟ್ಟೆ. ಅವನು ಹೋಟೆಲಿಗೆ ಬಂದು ತಪ್ಪಾಯ್ತು ಎಂದ ಮೇಲೆ ರಾಜಿಯಾಯಿತು. ಆಟ ನಿಲ್ಲಲಿಲ್ಲ. ನಾನೇ ನಿಲ್ಲಿಸಬೇಡ ಎಂದೆ. ಆದರೆ ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಇನ್ನು ಈ ಅಪ್ಪ ಮಗಳು ಭೂಮಿ ಬಿರಿದಿದೆ ಎಂದರೂ ನಂಬುವುದಿಲ್ಲ ಎಂದು. ಆಮೇಲಿನ ಐದು ವರ್ಷ ಒಂದು ಸಲವೂ ನಂಬಲಿಲ್ಲ. ನನ್ನ ಆಂಪ್ಲಿಫೈಯರ್ ಹೊತ್ತು ಹೊತ್ತು ಅವನು ಸೋತುಹೋದ. ನನಗೆ ಅದರ ಜಂಬವೂ ಇತ್ತು.

ಆ ಭಾನುವಾರ ನಮಗೆ ನೇರೂಲಿನ ಒಂದು ರೆಸ್ಟೋರೆಂಟಿನಲ್ಲಿ ಹನ್ನೆರಡು ಗಂಟೆಗೆ ಕಾರ್ಯಕ್ರಮ. ಕುಟುಂಬಗಳು ಊಟಕ್ಕೆ ಬರುವ ಹೊತ್ತು. ನಾವು ಮೂಲೆಯಲ್ಲಿ ನಿಂತು ನುಡಿಸಬೇಕು. ಡ್ರಮ್ಮುಗಳು ಯಾವಾಗಲೂ ಬ್ಯಾಂಕಿನ ಗೆಳೆಯನ ವ್ಯಾನಿನಲ್ಲೇ ಇರುತ್ತಿದ್ದವು. ಡ್ರಮ್ಮಿನವನು ಕಂಚಿನ ಸಿಂಬಲ್‌ಗಳ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಠಾಣೆ ಸ್ಟೇಷನ್ನಿನ ಹೊರಗೆ ನಮ್ಮನ್ನು ಕೂಡಿಕೊಳ್ಳಬೇಕು. ಹತ್ತೂಕಾಲರ ತನಕ ಕಾದೆವು, ಬರಲಿಲ್ಲ, ನಾವಿಬ್ಬರೇ ನೇರೂಲಿಗೆ ಹೊರಟೆವು. ಭಾನುವಾರ ಮೆಗಾಬ್ಲಾಕ್ ಇರುತ್ತದೆ, ಹಳಿ ರಿಪೇರಿಗೆಂದು ಗಾಡಿಗಳನ್ನು ನಿಲ್ಲಿಸುತ್ತಾರೆ ಎನ್ನುವುದು ಟಿಟ್ವಾಳಾದವನಿಗೆ ಗೊತ್ತಿಲ್ಲವೇ ಎಂದು ನಾನು ಉರಿದುಬಿದ್ದೆ. ಅವನು ಆ ದಿನ ಮೆಗಾಬ್ಲಾಕ್ ಇದೆಯೆಂದೇ ಎಂಟು ಗಂಟೆಗೆ ಮನೆ ಬಿಟ್ಟಿದ್ದನಂತೆ. ಕಲ್ಯಾಣದಲ್ಲಿ ಗಾಡಿ ಬದಲಿಸಲು ಇಳಿದು, ಪ್ಲ್ಯಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ಪಕ್ಕದವರ ಹತ್ತಿರ ನೀರು ಕೇಳಿದನಂತೆ. ಅಲ್ಲೇ ಕುಸಿದವನನ್ನು ಆಸ್ಪತ್ರೆಗೆ ಸೇರಿಸಿ ಅವನ ಫೋನಿನಿಂದ ಮನೆಗೆ ತಿಳಿಸಿದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಇಪ್ಪತ್ತಾರು ವರ್ಷದಲ್ಲಿ ಅವನು ಹೊತ್ತಿಗೆ ಮುಂಚೆ ಹೊರಟ ಒಂದೇ ದಿನ ಅದು.

ಹನ್ನೊಂದು ದಾಟಿತ್ತು. ನಾನು ರೆಸ್ಟೋರೆಂಟಿನಲ್ಲಿ ಮಂಡಿಯೂರಿ ವೈರು ಬಿಡಿಸುತ್ತಿದ್ದೆ, ಫೋನ್ ಬಂತು. ಅವನ ನಂಬರು. ಎತ್ತಿದರೆ ಮಗಳು. ಹಿಂದೆ ಗದ್ದಲ, ಯಾರೋ ಮರಾಠಿಯಲ್ಲಿ ಮಾತಾಡುತ್ತಿದ್ದರು. ಅವಳು ಕನ್ನಡದಲ್ಲಿ ಹೇಳಿದಳು.

"ಮಾಮ, ಅಪ್ಪ ತೀರ್ಕೊಂಡ್ರು."

ಗಂಟಲಲ್ಲಿ ಒತ್ತಿ ಹಿಡಿದ ಸದ್ದು ಬಂತು. ನನಗೆ ಪರಿಚಯವಿದ್ದ ಸದ್ದು. ಕನ್ನಡ, ಅವನ ನಂಬರು, ಆ ಸದ್ದು. ಮೂರೂ ಸರಿಯಾಗಿ ಕೂಡಿ ಬಂದವು. ಅಂದರೆ ಈ ಬಾರಿ ದೊಡ್ಡದಕ್ಕೇ ಕೈ ಹಾಕಿದ್ದಾನೆ, ಇಷ್ಟು ದಿನ ಸೋತ ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನನಗೆ ನಗುವೂ ಬಂತು, ಕೋಪವೂ ಬಂತು. ಬಾಯಿ ತನ್ನ ಕೆಲಸ ಮಾಡಿತು.

"ಸತ್ತಿದ್ರೂ ಅಡ್ಡಿಲ್ಲ, ಹನ್ನೆರಡರೊಳಗೆ ಬಂದು ಕೂತ್ಕೊಳ್ಳಿಕ್ಕೆ ಹೇಳು. ಸಾಯುವುದಿದ್ರೆ ಪ್ರೋಗ್ರಾಂ ಮುಗಿದ ಮೇಲೆ ಸಾಯ್ಲಿ."

ಇಟ್ಟೆ. ಅವಳು ಮತ್ತೆ ಏನೋ ಹೇಳಲು ಹೊರಟಿದ್ದಳು, ಮಾಮ ಎಂದದ್ದು ಕೇಳಿಸಿತು. ಇಟ್ಟುಬಿಟ್ಟೆ. ಮತ್ತೆ ಫೋನ್ ಬಂತು, ಸದ್ದು ಬಂದ್ ಮಾಡಿ ಗಿಟಾರ್ ಚೀಲದೊಳಗೆ ಎಸೆದೆ. ಬ್ಯಾಂಕಿನ ಗೆಳೆಯನಿಗೆ ಹೇಳಿದೆ. ಅವನೂ ನಕ್ಕ. ಈಗ ಅವನನ್ನು ಕೇಳಿದರೆ, ನಾನು ನಗಲಿಲ್ಲ, ನೀನು ನಗುತ್ತಿದ್ದೆ ಎಂದು ಸುಮ್ಮನಿದ್ದೆ ಎನ್ನುತ್ತಾನೆ. ಇರಬಹುದು.

ಇಷ್ಟಕ್ಕೇ ನಿಂತಿದ್ದರೆ ಸಾಕಿತ್ತಲ್ಲ. ಹನ್ನೆರಡಾಯಿತು, ಮ್ಯಾನೇಜರ್ ಶುರು ಮಾಡಿ ಎಂದ. ಹಿಂದೆ ಡ್ರಮ್ಮುಗಳು ಜೋಡಿಸಿ ನಿಂತಿವೆ, ಸ್ಟೂಲು ಖಾಲಿ. ಜನ ನೋಡುತ್ತಿದ್ದಾರೆ. ನಾನು ಮೈಕಿನಲ್ಲಿ ಹಿಂದಿಯಲ್ಲಿ ಹೇಳಿದೆ, ನಮ್ಮ ಡ್ರಮ್ಮರ್ ಇವತ್ತು ಬೆಳಗ್ಗೆ ತೀರಿಕೊಂಡಿದ್ದಾನೆ, ಚಿಂತೆ ಬೇಡ, ಎರಡನೇ ಸುತ್ತಿನ ಹೊತ್ತಿಗೆ ಎದ್ದು ಬರುತ್ತಾನೆ ಎಂದು. ಜನ ನಕ್ಕರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಾವಿಬ್ಬರೇ ಒಂದು ಗಂಟೆ ನುಡಿಸಿದೆವು. ಡ್ರಮ್ ಇಲ್ಲದೆ ನಾನು ಓಡುತ್ತಿದ್ದೆ. ಹಿಡಿದು ನಿಲ್ಲಿಸುವವನು ಇರಲಿಲ್ಲ, ಹಾಡುಗಳೆಲ್ಲ ಬೇಗ ಬೇಗ ಮುಗಿದುಹೋದವು. ಪ್ರತಿ ಹಾಡಿಗೂ ಬಾಗಿಲ ಕಡೆ ನೋಡಿದೆ. ಬರಲಿ, ಇವತ್ತು ಎಲ್ಲರೆದುರು ಇವನ ಮರ್ಯಾದೆ ತೆಗೆಯುತ್ತೇನೆ ಎಂದುಕೊಂಡೆ.

ಮೊದಲ ಸುತ್ತು ಮುಗಿದ ಮೇಲೆ ಬ್ಯಾಂಕಿನ ಗೆಳೆಯ ಫೋನ್ ನೋಡಲು ಹೊರಗೆ ಹೋದ. ಒಳಗೆ ಬರುವಾಗ ಗೋಡೆ ಹಿಡಿದುಕೊಂಡು ಬಂದ. "ಖರಂಚ್ ಗೇಲಾ ರೇ," ಎಂದ. ನಿಜವಾಗಿಯೂ ಹೋದ ಕಣೋ ಎಂದು. ನಾನು ಅವನಿಗೂ ಬೈದೆ. ನೀನೂ ಸೇರಿಕೊಂಡೆಯಾ ಎಂದೆ. ಅವನು ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಕಳವಾದಲ್ಲಿದ್ದ ಅವನ ಅಣ್ಣನ ಸಂದೇಶ. ಆಸ್ಪತ್ರೆಯ ವಿಳಾಸ, ಅದರ ಕೆಳಗೆ, ಬಾಡಿ ಮೂರು ಗಂಟೆಗೆ ಕೊಡುತ್ತಾರೆ, ಆಧಾರ್ ಕಾರ್ಡ್ ಜೆರಾಕ್ಸ್ ಬೇಕಂತೆ, ಯಾರಾದರೂ ತನ್ನಿ, ಎಂದಿತ್ತು.

ಜೆರಾಕ್ಸ್ ಎನ್ನುವ ಪದ ನೋಡಿ ನನಗೆ ನಂಬಿಕೆ ಬಂತು. ಅವನು ಎಷ್ಟು ದೊಡ್ಡ ಸುಳ್ಳುಗಾರನಾದರೂ ಜೆರಾಕ್ಸ್ ಹಾಕಿ ಸುಳ್ಳು ಕಟ್ಟುವವನಲ್ಲ. ಏನು ಮಾಡಬೇಕೋ ತಿಳಿಯದೆ ವೈರು ಸುತ್ತತೊಡಗಿದೆ. ಮೊಣಕೈಗೆ ಹಾಕಿ ಒಂದು ಸುತ್ತು, ಎರಡು ಸುತ್ತು, ನೀಟಾಗಿ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ. ಮ್ಯಾನೇಜರ್ ಬಂದು ಎರಡನೇ ಸುತ್ತು ಯಾವಾಗ ಎಂದ. ನಾನು ವೈರು ಸುತ್ತುತ್ತಲೇ ಇದ್ದೆ. ಅಷ್ಟರಲ್ಲಿ ಕೈ ತೊಳೆದು ಬರುತ್ತಿದ್ದ ವಯಸ್ಸಾದವರೊಬ್ಬರು ನಗುತ್ತಾ ನನ್ನ ಭುಜ ತಟ್ಟಿ, ನಿಮ್ಮ ಡ್ರಮ್ಮರ್ ಎದ್ದನೇ ಎಂದು ಕೇಳಿದರು. ಪಾಪ, ನಾನು ಕಲಿಸಿದ ಮಾತನ್ನೇ ಅವರು ಕೇಳಿದ್ದು. ನಾನು ಓಡಿ ಹೋಗಿ ವಾಂತಿ ಮಾಡಿಕೊಂಡೆ.

ಕಲ್ಯಾಣಕ್ಕೆ ಹೋಗುವ ಶಿಳ್‌ಫಾಟಾ ರಸ್ತೆಯಲ್ಲಿ ವ್ಯಾನು ಇಂಚಿಂಚು ಹೋಗುತ್ತಿತ್ತು. ಮೆಗಾಬ್ಲಾಕಿನಿಂದಾಗಿ ಎಲ್ಲರೂ ರಸ್ತೆಗೆ ಇಳಿದಿದ್ದರು. ಹಿಂದೆ ಅವನ ಡ್ರಮ್ಮುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಾನು ಗಿಟಾರ್ ಚೀಲದಿಂದ ಫೋನ್ ತೆಗೆದು ನೋಡಿದೆ. ಅವನ ನಂಬರಿನಿಂದ ಏಳು ಸಲ ಬಂದಿತ್ತು. ಏಳು ಸಲ ಆ ಹುಡುಗಿ ನನಗೆ ಹೇಳಲು ನೋಡಿದ್ದಾಳೆ, ನಾನು ಆ ಹೊತ್ತಿಗೆ ಮೈಕಿನಲ್ಲಿ ಜನರನ್ನು ನಗಿಸುತ್ತಿದ್ದೆ. ಅವನು ಸತ್ತದ್ದಕ್ಕಿಂತ ನಾನು ಹೇಳಿದ್ದೇ ಆ ದಾರಿಯುದ್ದಕ್ಕೂ ನನ್ನ ತಲೆ ತಿನ್ನುತ್ತಿತ್ತು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಗೆಳೆಯ ಹೋದ ಎಂದು ನಾನು ಅಳಲಿಲ್ಲ. ಆ ಮಗುವಿನ ಮುಖ ಹೇಗೆ ನೋಡಲಿ ಎಂದು ಹೆದರಿದೆ.

ಆಸ್ಪತ್ರೆಯ ಕಾರಿಡಾರಿನ ಕಬ್ಬಿಣದ ಬೆಂಚಿನಲ್ಲಿ ಅವಳು ಅಮ್ಮನ ಪಕ್ಕ ಕೂತಿದ್ದಳು, ತೊಡೆಯ ಮೇಲೆ ಸಿಂಬಲ್‌ಗಳ ಚೀಲ. ನನ್ನನ್ನು ನೋಡಿದಳು. ಕಣ್ಣು ಒಣಗಿತ್ತು. ನಾನು ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಅಣ್ಣನ ಜೊತೆ ಕಾಗದಪತ್ರ, ಸಹಿ, ಆಂಬುಲೆನ್ಸ್ ಎಂದು ಅಲ್ಲಿಂದಿಲ್ಲಿಗೆ ಓಡಾಡಿದೆ. ಕೆಲಸವಿದ್ದವನ ಹಾಗೆ ನಟಿಸುವುದು ಹೋಟೆಲಿನವನಿಗೆ ಹೇಳಿಕೊಡಬೇಕಾಗಿಲ್ಲ. ಬಿಸಿಲು ಇಳಿಯುವ ಮುಂಚೆ ಟಿಟ್ವಾಳಾದ ಸ್ಮಶಾನದಲ್ಲಿ ಎಲ್ಲ ಮುಗಿಯಿತು. ಅಣ್ಣ ಬೆಂಕಿ ಕೊಟ್ಟರು. ಮುಖಕ್ಕೆ ಬಟ್ಟೆ ಮುಚ್ಚುವ ಮುಂಚೆ ಎಲ್ಲರೂ ಒಮ್ಮೆ ನೋಡಿ ಎಂದರು. ನಾನು ನೋಡಿದೆ. ಆ ಮುಖದಲ್ಲಿ ಈಗ ನಗು ಒಡೆಯುತ್ತದೆ, ಆಯಿತಾ ಶುರು ಮಾಡುವನಾ ಎನ್ನುತ್ತಾನೆ ಎಂದು ಕಾದೆ. ಜೆರಾಕ್ಸ್ ನೋಡಿ ನಂಬಿದ ನಾನು ಹೆಣ ನೋಡಿ ನಂಬಲಿಲ್ಲ. ಇದು ಎಂಥ ಹುಚ್ಚು ಎಂದು ನನಗೆ ಇವತ್ತಿಗೂ ತಿಳಿಯದು.

ಆಮೇಲೆ ಹನ್ನೆರಡು ದಿನ ನಾನು ಆ ಮನೆಗೆ ಹೋಗಲಿಲ್ಲ. ಫೋನೂ ಮಾಡಲಿಲ್ಲ. ನನ್ನ ಹೆಂಡತಿ ಎರಡು ಸಲ ಹೋಗಿ ಬಂದಳು. ಅವನ ಹೆಂಡತಿ ಅಳುತ್ತಾರೆ, ಊಟ ಬಿಟ್ಟಿದ್ದಾರೆ, ಆದರೆ ಮಗಳ ಬಗ್ಗೆ ಎಲ್ಲರಿಗೂ ಭಯ ಎಂದಳು. ಆ ಹುಡುಗಿ ಅಳುವುದಿಲ್ಲ. ಐರೋಲಿಯ ಆಫೀಸಿಗೆ ನಾಲ್ಕನೇ ದಿನವೇ ಹೋಗಿದ್ದಾಳೆ. ಅಪ್ಪನ ಬಟ್ಟೆ ಇಸ್ತ್ರಿಗೆ ಕೊಟ್ಟಿದ್ದಾಳೆ. ಅಪ್ಪನ ಫೋನನ್ನು ದಿನಾ ಚಾರ್ಜಿಗೆ ಹಾಕುತ್ತಾಳೆ. ಯಾರಾದರೂ ಏನಾದರೂ ಹೇಳಿದರೆ ಹಾಂ ಹಾಂ ಎನ್ನುತ್ತಾಳೆ. ನೀವೊಮ್ಮೆ ಹೋಗಿ ಮಾತಾಡಿ, ನಿಮ್ಮನ್ನು ಕಂಡರೆ ಅವಳಿಗೆ ಮೊದಲಿಂದ ಸಲಿಗೆ, ಎಂದು ಹೆಂಡತಿ ಹೇಳಿದಳು. ಫೋನಿನಲ್ಲಿ ನಾನು ಆಡಿದ್ದನ್ನು ಅವಳಿಗೆ ಹೇಳಿರಲಿಲ್ಲ. ಹೋಗುತ್ತೇನೆ, ತಲೆ ತಿನ್ನಬೇಡ ಎಂದು ರೇಗಿದೆ. ಅಡುಗೆಯವನ ಮೇಲೆ, ಗಿರಾಕಿಗಳ ಮೇಲೆ, ಫ್ಯಾನಿನ ಮೇಲೆ ರೇಗಿದೆ. ಆ ಹುಡುಗಿ ಅಳದೆ ಇರುವುದಕ್ಕೆ ನಾನೇ ಕಾರಣ ಎನ್ನುವುದು ಯಾರೂ ಹೇಳದೆಯೇ ನನಗೆ ಗೊತ್ತಿತ್ತು. ಅಪ್ಪನ ಸಾವನ್ನು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ನನಗಂತೆ. ನಾನದನ್ನು ಅವಳ ಬಾಯಿಗೇ ವಾಪಸ್ ತುರುಕಿದ್ದೆ.

ಹನ್ನೆರಡನೆಯ ದಿನ ಅವನ ಹೆಂಡತಿಯೇ ಫೋನ್ ಮಾಡಿದರು. ನಾಳೆ ಉತ್ತರಕ್ರಿಯೆ, ಅವರಿಗೆ ಎಲೆ ಬಡಿಸಬೇಕು, ನಿಮ್ಮ ಹೋಟೆಲಿನ ಬನ್ಸ್ ಅಂದ್ರೆ ಅವರಿಗೆ ಜೀವ, ನಾಲ್ಕು ಬನ್ಸ್ ತರ್ತೀರಾ ಅಣ್ಣ, ಎಂದರು. ಇದಕ್ಕೆ ಹೇಗೆ ಇಲ್ಲ ಎನ್ನುವುದು? ಬೆಳಗ್ಗೆ ಅಡುಗೆಯವನನ್ನು ಪಕ್ಕಕ್ಕೆ ಸರಿಸಿ ನಾನೇ ಬಾಳೆಹಣ್ಣು ಕಿವುಚಿ, ನಾದಿ, ಕರಿದು, ಡಬ್ಬಿಗೆ ಹಾಕಿಕೊಂಡು ಗಾಡಿ ಹತ್ತಿದೆ. ಡೊಂಬಿವಲಿಯಿಂದ ಟಿಟ್ವಾಳಾಕ್ಕೆ ಅವನು ದಿನಾ ಓಡಾಡುತ್ತಿದ್ದ ದಾರಿ. ಮೂರು ಸಲ ನಡುವೆ ಇಳಿದುಬಿಡೋಣ ಅನ್ನಿಸಿತು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಒಳಕೋಣೆಯಲ್ಲಿ ಎಲೆಗೆ ಬಡಿಸಿ, ನೀರಿಟ್ಟು, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬರುತ್ತಾರೆ. ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರೊಬ್ಬರು ಸತ್ತವರ ಹೆಸರು ಹಿಡಿದು, ಬಾ, ಉಣ್ಣು, ಎಂದು ಕರೆಯುತ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು. ಆಮೇಲೆ ಬಾಗಿಲು ತಟ್ಟಿ ತೆರೆಯುತ್ತಾರೆ. ಟಿಟ್ವಾಳಾದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಲಗುವ ಕೋಣೆಯೇ ಒಳಕೋಣೆ. ಮುಂದಿನ ಕೋಣೆಯಲ್ಲಿ ಹತ್ತಿಪ್ಪತ್ತು ಜನ ಒತ್ತಿಕೊಂಡು ನಿಂತಿದ್ದೆವು. ನಾನು ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ. ಮಗಳು ಎಲ್ಲರ ನಡುವಿನಿಂದ ಬಂದು ನನ್ನ ಪಕ್ಕ ನಿಂತಳು.

ಅಣ್ಣ ಮುಚ್ಚಿದ ಬಾಗಿಲಿನ ಮುಂದೆ ನಿಂತು ತಮ್ಮನ ಹೆಸರು ಹಿಡಿದು ಕರೆದರು. ಆಮೇಲೆ ಮೌನ. ಫ್ಯಾನನ್ನೂ ನಿಲ್ಲಿಸಿದ್ದರು. ನಾನು ನೆಲ ನೋಡುತ್ತ ನಿಂತಿದ್ದೆ. ಕ್ಷಮಿಸು ಎನ್ನುವ ಒಂದು ಪದವನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ, ಅದು ಬಾಯಿಗೆ ಬರಲಿಲ್ಲ. ಮಾತಾಡಬಾರದ ಹೊತ್ತಿನಲ್ಲಿ ಅವಳೇ ಮಾತಾಡಿದಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಹಿಂದಿಯಲ್ಲಲ್ಲ, ಕನ್ನಡದಲ್ಲಿ, ತಡೆದು ತಡೆದು.

"ಮಾಮ, ನೀವು ಅವತ್ತು ನಂಬ್ಲಿಲ್ಲ ಅಲ್ವಾ. ನೀವು ಅಷ್ಟು ಗಟ್ಟಿ ಬೈದ್ರಿ, ನನಗೆ ಡೌಟ್ ಬಂತು. ನಾನು ವಾಪಸ್ ಒಳಗೆ ಹೋದೆ. ಅಪ್ಪನ ಕಾಲು ಹಿಡ್ದು ಅಲ್ಲಾಡಿಸಿದೆ. ಮಾಮ ನಂಬ್ತಾ ಇಲ್ಲ ಅಪ್ಪ, ಏಳಿ ಸಾಕು, ಅಂದೆ. ನರ್ಸ್ ಬಂದು ನನ್ನನ್ನ ಹೊರಗೆ ತಂದ್ರು."

ನನ್ನ ಮಾತು ಅವಳಿಗೆ ನೋವು ಮಾಡಿರಬಹುದು, ಸಿಟ್ಟು ತಂದಿರಬಹುದು, ಜನ್ಮವಿಡೀ ನನ್ನ ಮುಖ ನೋಡದೆ ಇರಬಹುದು. ಹನ್ನೆರಡು ದಿನ ನಾನು ಇಷ್ಟನ್ನೇ ಯೋಚಿಸಿದ್ದು. ಅವಳು ನನ್ನನ್ನು ನಂಬಿರಬಹುದು ಎನ್ನುವುದು ಒಂದು ಗಳಿಗೆಯೂ ಹೊಳೆದಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಬಿಟ್ಟು ಈ ಹಾಳು ಬಾಯಿ ಹೇಳಿದ್ದನ್ನು ನಂಬಿ ಆ ಮಗು ಹೆಣದ ಕಾಲು ಅಲ್ಲಾಡಿಸಿತ್ತು. ಅಲ್ಲಿಂದ ಆ ದಿನದ ತನಕ ಅಪ್ಪನ ಫೋನಿಗೆ ಚಾರ್ಜ್ ಹಾಕಿತ್ತು, ಅಪ್ಪನ ಬಟ್ಟೆ ಇಸ್ತ್ರಿ ಮಾಡಿಸಿತ್ತು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಮೇಲೆ ನೀವು ಫೋನೇ ಮಾಡ್ಲಿಲ್ಲ. ಈಗ ನಂಬಿದ್ರಾ ಮಾಮ?"

ಸ್ಮಶಾನದಲ್ಲಿ ಆಗದೆ ಹೋದದ್ದು ಆಗ ಆಯಿತು. ಅವನು ಸತ್ತಿದ್ದಾನೆ. ಬಾಗಿಲಿನ ಆಚೆ ಎಲೆಯ ಮುಂದೆ ಯಾರೂ ಇಲ್ಲ. ಇನ್ನು ಮೇಲೆ ನಾನು ಯಾರಿಗೆ ಬೈದರೂ ಅವನು ಬರುವುದಿಲ್ಲ.

"ನಂಬಿದೆ ಮಗಾ," ಎಂದೆ.

ಅವಳು ತಲೆಯಾಡಿಸಿದಳು. ಮುಖ ಮೆಲ್ಲಗೆ ಕುಸಿಯಿತು, ಎಂಟು ವರ್ಷದವಳ ಮುಖವಾಯಿತು. ಗಂಟಲಲ್ಲಿ ಅದೇ ಒತ್ತಿ ಹಿಡಿದ ಸದ್ದು ಬಂತು. ಈ ಬಾರಿ ಅವಳು ಅದನ್ನು ಹಿಡಿಯಲಿಲ್ಲ. ಅಷ್ಟರಲ್ಲಿ ಅಣ್ಣ ಬಾಗಿಲು ತಟ್ಟಿದರು.